ಬಾರದ ರೈಲಿಗೆ ಕೊಟ್ಟ ಹೆಣ್ಣು

ಹಿರೇಕೆರೂರಿನ ನಮ್ಮ ಓಣಿಯಲ್ಲಿ ಬಹಳ ವರ್ಷ ನನ್ನ ಹೆಸರು 'ರೈಲಿನ ಸೊಸಿ'. ಆ ಊರಿಗೆ ರೈಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬರಲಿರುವ ರೈಲನ್ನು ನಂಬಿ ಸವಣೂರಿನ ಒಬ್ಬ ಎಲೆ ತೋಟದವನು ತನ್ನ ಮಗಳನ್ನು ಇಷ್ಟು ದೂರ ಕೊಟ್ಟನಂತೆ ಎಂಬ ಸುದ್ದಿ ಮಾತ್ರ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ನೀರಿಗೆ ಹೋದರೆ ಬಾವಿಯ ಹತ್ತಿರ ಯಾರಾದರೊಬ್ಬಳು, "ಏನವಾ, ನಿಮ್ಮಪ್ಪನ ರೈಲು ಹಾನಗಲ್ ದಾಟೇತೇನು?" ಎಂದು ಕೇಳಿಯೇ ಕೊಡ ಎತ್ತುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಅವರ ಮೇಲಲ್ಲ, ಅಪ್ಪನ ಮೇಲೆ. ಆ ಸಿಟ್ಟನ್ನು ನಾನು ಹತ್ತು ವರ್ಷ ಸಾಕಿದೆ. ನನ್ನ ನಾಲಿಗೆ ಹುಟ್ಟಾ ಚುರುಕು; ಸಾಕಿದ್ದನ್ನು ಸುಮ್ಮನೆ ಕಟ್ಟಿಹಾಕುವ ಗುಣ ನನ್ನದಲ್ಲ.

ಸವಣೂರಿನಲ್ಲಿ ನಮ್ಮದು ಎಲೆ ತೋಟದ ಮನೆತನ. ಎಲೆ ಎಂದರೆ ವೀಳ್ಯದೆಲೆ. ನಮ್ಮೂರಿನಲ್ಲಿ ಉಳಿದ ಎಲೆಗಳಿಗೆಲ್ಲ ಅವುಗಳ ಗಿಡದ ಹೆಸರು ಹೇಳಬೇಕು, ಇದಕ್ಕೆ ಬರೀ ಎಲೆ ಎಂದರೆ ಸಾಕು. ತೋಟದೊಳಗೆ ಯಾರೂ ಕಾಲ್ಮರಿ ಮೆಟ್ಟಿಕೊಂಡು ಹೋಗುವಂತಿಲ್ಲ. ಊರ ಗೌಡರೇ ಬರಲಿ, ಸಂಸ್ಥಾನದ ಕಾರಭಾರಿಗಳೇ ಬರಲಿ, ಬೇಲಿಯ ಹತ್ತಿರ ಬಿಚ್ಚಿಟ್ಟೇ ಒಳಗೆ ಬರಬೇಕು. ಬಿಸಿಲೇರುವ ಮೊದಲು ಎಲೆ ಕೊಯ್ದು, ಬುಟ್ಟಿಗೆ ಬಾಳೆಎಲೆ ಹಾಸಿ ಜೋಡಿಸಿ, ನೀರು ಚಿಮುಕಿಸಿ ಚಕ್ಕಡಿಯಲ್ಲಿ ಸ್ಟೇಶನ್ನಿಗೆ ಕಳಿಸುತ್ತಿದ್ದೆವು. ಸ್ಟೇಶನ್ನಿಗೆ ಸವಣೂರಿನ ಹೆಸರೇನೋ ಇತ್ತು. ಆದರೆ ಅದು ಊರಿನಿಂದ ಎಷ್ಟು ದೂರವೆಂದರೆ, ಬುಟ್ಟಿಗಳು ಅಲ್ಲಿ ಇಳಿಯುವುದರೊಳಗೆ ಎತ್ತುಗಳಿಗೂ ಸಾಕಾಗಿರುತ್ತಿತ್ತು, ಚಕ್ಕಡಿ ಹೊಡೆಯುವವನಿಗೂ ಸಾಕಾಗಿರುತ್ತಿತ್ತು. ನಮ್ಮೂರ ಹೆಸರು ಎತ್ತಿಕೊಂಡು ಹೋಗಿ ಬಯಲಿನಲ್ಲಿ ನಿಲ್ಲಿಸಿದ್ದಾರೆ ಎಂದು ಆಯಿ ಗೊಣಗುತ್ತಿದ್ದಳು. ಆಯಿ ಎಂದರೆ ಅಪ್ಪನ ಅವ್ವ.

ಮನೆಯಲ್ಲಿ ಆಯಿಯ ಮಾತೇ ಮಾತು. ಹೆಣ್ಣು ಕೊಡುವ ವಿಷಯದಲ್ಲಿ ಅವಳದೊಂದು ಕಟ್ಟಳೆ ಇತ್ತು. ಗಂಡು ನೋಡಲು ಹೊರಡುವ ದಿನ ಮುಂಜಾನೆ ತೋಟದಲ್ಲಿ ಒಂದು ಎಲೆ ಕೊಯ್ಯಬೇಕು. ಅದಕ್ಕೆ ನೀರು ಚಿಮುಕಿಸಬಾರದು, ಒದ್ದೆ ಅರಿವೆಯಲ್ಲಿ ಸುತ್ತಬಾರದು. ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚಂಚಿಯಲ್ಲಿ ಹಾಗೆಯೇ ಇಟ್ಟುಕೊಂಡು ಹೋಗಬೇಕು. ಗಂಡಿನ ಮನೆ ಮುಟ್ಟಿದ ಮೇಲೆ ತೆಗೆದು ನೋಡಬೇಕು. ಎಲೆ ಇನ್ನೂ ಬಿರುಸಾಗಿದ್ದರೆ ಮಾತು ಮುಂದುವರಿಸಬಹುದು. ಬಾಡಿದ್ದರೆ ಕೊಟ್ಟ ನೀರು ಕುಡಿದು ಎದ್ದು ಬರಬೇಕು. ಗಂಡು ಎಷ್ಟೇ ಚೆಲುವನಿರಲಿ, ಎಷ್ಟೇ ಎಕರೆ ಇರಲಿ, ಅದನ್ನು ಕೇಳುವ ಹಾಗಿಲ್ಲ.

ಇದು ಹಿಂದಿನಿಂದ ಬಂದ ರೂಢಿಯಲ್ಲ, ಆಯಿ ತಾನೇ ಮಾಡಿಕೊಂಡದ್ದು. ಅವಳಿಗೆ ಒಬ್ಬಳೇ ಮಗಳು, ಅಪ್ಪನ ಅಕ್ಕ. ವರದಾ ಹೊಳೆಯ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ಅವಳು ಜ್ವರ ಬಂದು ಮಲಗಿದಳು. ಸುದ್ದಿ ಸವಣೂರಿಗೆ ಬರಲು ಎರಡು ದಿನ ಹಿಡಿಯಿತು. ಬಂದ ದಿನ ನಮ್ಮ ಚಕ್ಕಡಿ ಸ್ಟೇಶನ್ನಿಗೆ ಹೋಗಿತ್ತು. ಅದು ಬರಲಿ ಎಂದು ಕಾಯುವುದರಲ್ಲಿ ಸಂಜೆಯಾಯಿತು. ಮಗಳಿಗೆ ತೋಟದ ಎಲೆ ಎಂದರೆ ಆಸೆ ಎಂದು ಆಯಿ ಒಂದು ಕಟ್ಟು ಎಲೆ ತೆಗೆದುಕೊಂಡು ಹೋಗಿದ್ದಳು. ಅಲ್ಲಿ ಮುಟ್ಟಿದಾಗ ಮಣ್ಣು ಮುಗಿದುಹೋಗಿತ್ತು, ಮಡಿಲಲ್ಲಿದ್ದ ಎಲೆ ಹಳದಿಯಾಗಿತ್ತು. ಇದನ್ನು ನನಗೆ ಹೇಳಿದ್ದು ಅವ್ವ. ಆಯಿ ತನ್ನ ಬಾಯಿಂದ ಒಮ್ಮೆಯೂ ಹೇಳಲಿಲ್ಲ, ಕಟ್ಟಳೆಯನ್ನಷ್ಟೇ ಹೇಳುತ್ತಿದ್ದಳು.

ನನಗೆ ಹದಿನಾರು ತುಂಬುವ ಹೊತ್ತಿಗೆ ಆಯಿ ಎಲ್ಲವನ್ನೂ ನಿಶ್ಚಯ ಮಾಡಿಟ್ಟಿದ್ದಳು. ಹತ್ತಿಮತ್ತೂರಿನಲ್ಲಿದ್ದ ನನ್ನ ಸೋದರಮಾವನಿಗೆ, ಅಂದರೆ ಅವ್ವನ ತಮ್ಮನಿಗೆ, ನನ್ನನ್ನು ಕೊಡುವುದು. ಹತ್ತಿಮತ್ತೂರು ಎಂದರೆ ಮುಂಜಾನೆ ಹೋಗಿ ಸಂಜೆಗೆ ತಿರುಗಿ ಬರುವ ದಾರಿ. ಅಲ್ಲಿಗೆ ಹೋಗುವಾಗ ಎಲೆ ಬಾಡುವುದಿರಲಿ, ಅದಕ್ಕೆ ಕೊಯ್ದದ್ದು ಗೊತ್ತಾಗುವುದೂ ಸಂಶಯ. ಮಾಮಾ ಒಳ್ಳೆಯವನೇ. ಅದೇ ತೊಡಕು. ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗಿದವನು, ಅವ್ವ ಹಾಸಿಗೆ ಹಿಡಿದಾಗ ಎರಡು ತಿಂಗಳು ನನ್ನ ತಲೆ ಬಾಚಿ ಜಡೆ ಹಾಕಿದವನು. ಅವನನ್ನು ಗಂಡ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ನನಗೆ ಅಳು ಬರುತ್ತಿತ್ತು.

ಅದೇ ಸುಮಾರಿಗೆ ಒಬ್ಬ ಅಯ್ಯನವರು ಹಿರೇಕೆರೂರಿನ ಸಂಬಂಧ ತಂದರು. ಹುಡುಗ ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಶಾಲೆಯ ಮಾಸ್ತರನಾಗಿದ್ದ. ಆಯಿ ಬೇಡವೆಂದರೂ ಬಂದವರನ್ನು ಬಾಗಿಲಿನಿಂದ ಕಳಿಸಲಾಗದೆ ನನ್ನನ್ನು ತೋರಿಸಿದರು. ಬೇರೆಯವರಾಗಿದ್ದರೆ ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುತ್ತಿದ್ದರು. ಆ ಮಾಸ್ತರು ತಮ್ಮ ಚೀಲದಿಂದ ಒಂದು ವರ್ತಮಾನಪತ್ರ ತೆಗೆದು, "ಇದರಾಗ ನಿಮಗ ಬೇಕಾದ್ದು ಓದ್ರಿ" ಎಂದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ ಮೇಲೆ ಬೇಕಾದ್ದು ಓದು ಎಂದು ನನಗೆ ಹೇಳಿದವರು ಅವರೊಬ್ಬರೇ. ನಾನು ಅರಳೆಯ ಪೇಟೆಯ ಧಾರಣೆ ಓದಿದೆ, ಕಣ್ಣಿಗೆ ಅದೇ ಮೊದಲು ಬಿತ್ತು. ಅವರು ನಗಲಿಲ್ಲ. ನನ್ನ ಮನಸ್ಸು ಅಲ್ಲಿಗೇ ಕೂತಿತು.

ಮರುದಿನ ಅಪ್ಪ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ. ನುಗ್ಗೆಯ ಗಿಡಕ್ಕೆ ಬಳ್ಳಿಯನ್ನು ಒತ್ತಿ ಹಿಡಿದು, ಬಾಳೆಯ ನಾರಿನಿಂದ ಸಡಿಲಾಗಿ ಗಂಟು ಹಾಕಬೇಕು. ಬಿಗಿದರೆ ಬಳ್ಳಿ ಸಾಯುತ್ತದೆ. ನಾನು ನಾರು ಕೊಡುತ್ತ ನಿಂತು ಹೇಳಿಬಿಟ್ಟೆ.

"ಅಪ್ಪ, ಮಾಮಾ ಛಲೋ ಮನಿಷ್ಯಾ. ಆದ್ರ ನಾ ಅವನ್ನ ಲಗ್ನಾ ಆಗೂದಿಲ್ಲ. ನನಗ ಹಿರೇಕೆರೂರ ಮಾಸ್ತರ ಆಗ್ಲಿ."

ಅಪ್ಪ ಕೈ ನಿಲ್ಲಿಸಲಿಲ್ಲ. "ಇದನ್ನ ನಿಮ್ಮ ಆಯಿ ಮುಂದ ಅನ್ನಬ್ಯಾಡ."

"ಮತ್ತ ನೀ ಅನ್ನು."

ಅಪ್ಪ ಬರೀ ಹೂಂಗುಟ್ಟಿದ. ಆ ಹೂಂ ಎಂದರೆ ಏನು ಎಂದು ನನಗೆ ತಿಳಿಯಲಿಲ್ಲ. ಅಪ್ಪ ತನ್ನ ಅವ್ವನಿಗೆ ಎದುರು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದ್ದರಿಂದ ಆಸೆ ಇಟ್ಟುಕೊಳ್ಳಲಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮೂರಿಗೆ ಅಳತೆಯವರು ಬಂದರು. ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನು, ಕಬ್ಬಿಣದ ಸರಪಳಿ, ಕೆಂಪು ಬಿಳಿ ಬಣ್ಣದ ಕೋಲು, ಗಾಡಿ ತುಂಬ ಗೂಟ. ಕೆರೆಯ ಹತ್ತಿರ ಬೇವಿನ ಗಿಡದ ಕೆಳಗೆ ಡೇರೆ ಹಾಕಿದರು. ಸ್ಟೇಶನ್ನಿನಿಂದ ಹೊರಟು ಸವಣೂರ ಪೇಟೆಯ ನಡುವೆ ಹಾಯ್ದು, ಶಿಗ್ಗಾಂವ ಮುಟ್ಟಿ, ಬಂಕಾಪುರ, ಹಾನಗಲ್ ದಾಟಿ ಹಿರೇಕೆರೂರಿನ ತನಕ ಒಂದು ಸಣ್ಣ ರೈಲು ಹಾಕುತ್ತಾರಂತೆ ಎಂದು ಊರೆಲ್ಲ ಸುದ್ದಿಯಾಯಿತು. ದೊಡ್ಡ ರೈಲಿನಂಥದಲ್ಲ, ಸಣ್ಣ ಎಂಜಿನು, ಎರಡು ಮೂರು ಡಬ್ಬಿ, ರಸ್ತೆಯ ಮಗ್ಗುಲಿಗೇ ಹಳಿ. ಕೈ ಮಾಡಿದಲ್ಲಿ ನಿಲ್ಲುತ್ತದೆ ಎಂದು ಒಬ್ಬರು, ಹಳ್ಳಿಗೊಂದು ನಿಲ್ದಾಣ ಎಂದು ಇನ್ನೊಬ್ಬರು. ಪೇಟೆಯ ವ್ಯಾಪಾರಸ್ಥರು ನಿಲ್ದಾಣ ಪೇಟೆಯಲ್ಲೇ ಬೇಕು ಎಂದರು. ಮಠದ ಓಣಿಯವರು ಹೊಗೆ ಬೇಡ, ಗಾಡಿ ಮಾತ್ರ ಹತ್ತಿರ ಇರಲಿ ಎಂದರು. ಮಸೀದಿಯ ಹತ್ತಿರ ಖಾರಾ ಕರಿಯುತ್ತಿದ್ದ ಚಾಚಾ, ಕಿಟಕಿಯಿಂದ ಕೈ ಚಾಚಿದರೆ ಪೊಟ್ಟಣ ಸಿಗಬೇಕು ಎಂದು ಆಗಲೇ ತನ್ನ ಒಲೆಯನ್ನು ರಸ್ತೆಯ ಕಡೆಗೆ ಎರಡು ಮೊಳ ಸರಿಸಿದ. ಬಂದು ಹೋಗುವ ಎತ್ತುಗಳು ಅದನ್ನು ಎರಡು ಸಲ ಕೆಡವಿದವು.

ಗೂಟದ ಸಾಲು ನಮ್ಮ ತೋಟದ ಅಂಚಿನಲ್ಲೇ ಹೋಗಬೇಕಿತ್ತು. ಅಳತೆಯ ಸಾಹೇಬರು ಬೇಲಿಯ ಹತ್ತಿರ ಬಂದಾಗ ಅಪ್ಪ ಕೈ ಮುಗಿದು, ಕಾಲಿನದು ಬಿಚ್ಚಬೇಕಾಗುತ್ತದೆ ಎಂದ. ಅವರ ಬೂಟು ಮೊಣಕಾಲಿನ ಹತ್ತಿರದ ತನಕ ಇತ್ತು. ಅವರು ಕಲ್ಲಿನ ಮೇಲೆ ಕೂತು, ಒಂದೊಂದೇ ಕಸಿ ಬಿಚ್ಚಿ, ಬರಿಗಾಲಲ್ಲಿ ಒಳಗೆ ಹೋಗಿ ಅಳತೆ ಮಾಡಿ ಬಂದರು. ಇದನ್ನು ಆಯಿ ದೂರದಿಂದ ನೋಡಿದಳು. ಅಂದಿನಿಂದ ಆ ಸಾಹೇಬರ ಮೇಲೆ ಅವಳಿಗೆ ಎಲ್ಲಿಲ್ಲದ ವಿಶ್ವಾಸ. "ಬೂಟು ಬಿಚ್ಚಿದ ಮನಿಷ್ಯಾ, ಸುಳ್ಳ ಹೇಳುವಂವಲ್ಲ" ಎಂದು ಮನೆಗೆ ಬಂದವರಿಗೆಲ್ಲ ಹೇಳಿದಳು.

ಸಾಹೇಬರು ಆಮೇಲೆ ತೋಟದ ಬದುವಿನ ಮೇಲೆ ಕೂತು ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದರು. ಅಂದು ಮಾಮಾನೂ ಹತ್ತಿಮತ್ತೂರಿನಿಂದ ಬಂದಿದ್ದ. ಮೂವರಿಗೂ ಮಜ್ಜಿಗೆ ಕೊಟ್ಟು ಬಂದವಳು ನಾನೇ. ಮಾಮಾ ಇದ್ದನಲ್ಲ, ಅವನ ಮುಖ ನೋಡಲು ಸಂಕೋಚವಾಗಿ ತಂಬಿಗೆ ಇಟ್ಟವಳೇ ತಿರುಗಿದೆ. ಇನ್ನೊಂದು ಗಳಿಗೆ ನಿಂತಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಅಪ್ಪ ಮನೆಗೆ ಬಂದು ಆಯಿಯ ಮುಂದೆ ಕೂತ. ಎರಡು ವರ್ಷದಲ್ಲಿ ಗಾಡಿ ಓಡುತ್ತದಂತೆ ಎಂದ. ಮುಂಜಾನೆ ಹಿರೇಕೆರೂರಿನಲ್ಲಿ ಹತ್ತಿದವರು ಮಧ್ಯಾಹ್ನದ ಊಟಕ್ಕೆ ಸವಣೂರಿನಲ್ಲಿ ಇಳಿಯುತ್ತಾರಂತೆ ಎಂದ. ಆಯಿ ಮೂಗು ಮುರಿದಳು. ಆಗ ಅಪ್ಪ ಒಂದು ಮಾತು ಹೇಳಿದ, "ಯವ್ವಾ, ನೀನ ಎಲಿ ಇಟ್ಕೊಂಡು ನೋಡು. ಹಿರೇಕೆರೂರು ಇಲ್ಲಿಂದ ಎಷ್ಟು ದೂರನೋ ಹುಬ್ಬಳ್ಳಿನೂ ಹೆಚ್ಚು ಕಡಿಮಿ ಅಷ್ಟ ದೂರ."

ಆಯಿ ಅಲ್ಲಿಯ ತನಕ ರೈಲು ಹತ್ತಿದವಳಲ್ಲ. ಎರಡು ದಿನ ಬಿಟ್ಟು ಅಪ್ಪ ಅವಳನ್ನೂ ನನ್ನನ್ನೂ ಚಕ್ಕಡಿಯಲ್ಲಿ ಸ್ಟೇಶನ್ನಿಗೆ ಕರೆದುಕೊಂಡು ಹೋದ. ಆಯಿ ಮುಂಜಾನೆ ತಾನೇ ತೋಟಕ್ಕೆ ಹೋಗಿ ಒಂದು ಎಲೆ ಕೊಯ್ದು ಚಂಚಿಗೆ ಹಾಕಿಕೊಂಡಿದ್ದಳು. ಯಾರಿಗೂ ಮುಟ್ಟಗೊಡಲಿಲ್ಲ. ಗಾಡಿಯಲ್ಲಿ ಹಲಗೆಯ ಮೇಲೆ ಕಾಲು ಮಡಚಿ ಕೂತು, ಚಂಚಿಯನ್ನು ಎದೆಗೆ ಹಿಡಿದು, ಕಿಟಕಿಯ ಹೊರಗೆ ನೋಡದೆ ಇಡೀ ದಾರಿ ಎದುರಿನ ಗೋಡೆಯನ್ನೇ ನೋಡಿದಳು. ಹುಬ್ಬಳ್ಳಿಯಲ್ಲಿ ಇಳಿದು ಬೆಂಚಿನ ಮೇಲೆ ಕೂರಿಸಿದೆವು. ಸುತ್ತಲೂ ಜನ ಓಡಾಡುತ್ತಿದ್ದರು. ಅವಳು ಚಂಚಿ ಬಿಚ್ಚಿ ಎಲೆ ತೆಗೆದಳು, ಬೆರಳಿನಿಂದ ಬಾಗಿಸಿದಳು, ಗಲ್ಲಕ್ಕೆ ಒತ್ತಿಕೊಂಡಳು. ಎಲೆ ಬಿರುಸಾಗಿಯೇ ಇತ್ತು.

"ಇಷ್ಟ ಹೊತ್ತಿನ್ಯಾಗ ಮುಟ್ಟಿದ್ರ ಅಕಿ ಮಾರಿಯರ ನೋಡ್ತಿದ್ದೆ" ಎಂದಳು. ಮಗಳ ಬಗ್ಗೆ ಆಯಿ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪ ನೀರು ತರುತ್ತೇನೆಂದು ಎದ್ದು ಹೋದ. ಬಹಳ ಹೊತ್ತಾದರೂ ಬರಲಿಲ್ಲ, ಬಂದಾಗ ಕೈಯಲ್ಲಿ ನೀರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಆಯಿ ಒಪ್ಪಿಗೆ ಕೊಟ್ಟಳು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನನ್ನ ಲಗ್ನವಾಯಿತು. ಮಾಮಾ ಚಪ್ಪರ ಹಾಕಿದ, ಬೀಗರಿಗೆ ಬಡಿಸಿದ, ನನ್ನನ್ನು ಚಕ್ಕಡಿ ಹತ್ತಿಸಿದ. ಮುಂದಿನ ವರ್ಷ ಅವನಿಗೂ ಲಗ್ನವಾಯಿತು. ಸವಣೂರಿನಿಂದ ಬಂಕಾಪುರ, ಅಲ್ಲಿಂದ ಹಾನಗಲ್ಲಿನಲ್ಲಿ ಒಂದು ವಸ್ತಿ, ಮತ್ತೆ ವರದಾ ದಾಟಿ ಇನ್ನೊಂದು ವಸ್ತಿ, ಮೂರನೆಯ ದಿನ ಹಿರೇಕೆರೂರು. ದಾರಿಯುದ್ದಕ್ಕೂ ಅಲ್ಲಲ್ಲಿ ಅಳತೆಯ ಗೂಟಗಳು ಕಾಣುತ್ತಿದ್ದವು. ಇನ್ನು ಎರಡು ವರ್ಷ ತಾನೆ ಎಂದು ನಾನು ಪ್ರತಿ ಗೂಟಕ್ಕೂ ಸಮಾಧಾನ ಮಾಡಿಕೊಂಡೆ.

ಎರಡು ವರ್ಷವಾಯಿತು. ಗೂಟ ಕಿತ್ತು ಜನ ಕರು ಕಟ್ಟಿಕೊಂಡರು. ಯುದ್ಧ ಬಂತು. ಹಾಕಿದ ಹಳಿಗಳನ್ನೇ ಕೆಲವು ಕಡೆ ಕಿತ್ತು ಹಡಗಿನಲ್ಲಿ ಸಾಗಿಸುತ್ತಿದ್ದಾರೆ ಎಂದು ನಮ್ಮವರು ಪತ್ರಿಕೆಯಲ್ಲಿ ಓದಿ ಹೇಳಿದರು. ನಮ್ಮವರ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಅವರ ಜೊತೆ ನಾನು ಸುಖವಾಗಿಯೇ ಇದ್ದೆ, ದಿನಾ ಓದುತ್ತಲೇ ಇದ್ದೆ. "ರೈಲು ಬರಲಿಲ್ಲ ಅಂದ್ರ ಏನಾತು, ನೀ ಬಂದೀಯಲ್ಲ" ಎಂದು ಅವರು ನಗುತ್ತಿದ್ದರು. ಆದರೆ ಅಪ್ಪನ ದಡ್ಡತನಕ್ಕೆ ಊರೆಲ್ಲ ನಗುವುದನ್ನು ಕೇಳಿಕೊಂಡಿರಬೇಕಾದವಳು ನಾನು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಮಳೆ ಬಂದು ವರದಾ ತುಂಬಿತ್ತು. ಏಳು ತಿಂಗಳ ಬಸುರಿ, ಹರಿಗೋಲಿನಲ್ಲಿ ಕೂತು ದಂಡೆ ಮುಟ್ಟುವ ತನಕ ನಾನು ನೆನೆಸಿದ್ದು ದೇವರನ್ನಲ್ಲ, ಅಪ್ಪನನ್ನು. ಮನೆಯ ಹೊಸ್ತಿಲು ದಾಟಿದವಳೇ ಆಯಿಯ ಮುಂದೆಯೇ ಶುರುಮಾಡಿದೆ.

"ಊರ ಮಂದಿ ಗಂಡು ನೋಡಿ ಹೆಣ್ಣು ಕೊಡ್ತಾರ. ನಮ್ಮಪ್ಪ ಗೂಟ ನೋಡಿ ಕೊಟ್ಟಾನ. ಇಷ್ಟೂ ತಿಳಿಯಾಕಿಲ್ಲೇನು ನಿನಗ?"

ಅಪ್ಪ ಮೀಸೆಯಲ್ಲೇ ನಕ್ಕ. ಆಯಿ ಅವನ ಪಕ್ಷ ವಹಿಸಿದಳು. "ಅವನೇನ ಮಾಡ್ಯಾನ? ಆ ಸಾಹೇಬ ಬೂಟು ಬಿಚ್ಚಿ ಹೇಳಿದ್ದ. ನಡುವ ಲಡಾಯಿ ಬಂತು. ಮುಗೀಲಿ, ಬರ್ತೈತಿ."

ಅಲ್ಲಿಂದ ಇದೊಂದು ಪದ್ಧತಿಯೇ ಆಯಿತು. ವರ್ಷಕ್ಕೊಮ್ಮೆ ತವರಿಗೆ ಹೋಗುವುದು, ಹೋದ ದಿನವೇ ಆಯಿಯ ಎದುರಿಗೆ ಅಪ್ಪನ ಗ್ರಹಚಾರ ಬಿಡಿಸುವುದು. ಬೈಯುತ್ತ ಬೈಯುತ್ತ ನನ್ನ ಮಾತುಗಳು ಮೊನಚಾದವು. ಓಣಿಯ ಹೆಂಗಸರು ಕೇಳಲೆಂದೇ ಬಂದು ಕೂರುತ್ತಿದ್ದರು. ಅಪ್ಪ ಒಮ್ಮೆಯೂ ಎದುರಾಡಲಿಲ್ಲ, ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಯುದ್ಧದ ನಡುವೆ ಒಂದು ವರ್ಷ ನನಗೆ ಇಪ್ಪತ್ತೊಂದು ದಿನದ ಜ್ವರ ಬಂತು. ಕೆಲವು ದಿನ ಎಚ್ಚರವೇ ಇರಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ತಲೆಯ ಹತ್ತಿರ ಕೂತಿದ್ದ, ಅತ್ತೆ ಅವನ ಕಾಲಿಗೆ ಬಿಸಿನೀರು ತಂದಿಡುತ್ತಿದ್ದರು. ಪಾದ ಎರಡೂ ಬಾತುಕೊಂಡಿದ್ದವು. ಸುದ್ದಿ ಸಿಕ್ಕ ಗಳಿಗೆಗೆ ಚಕ್ಕಡಿ ಕಟ್ಟುವುದಕ್ಕೂ ನಿಲ್ಲದೆ ಹೊರಟು, ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿ ಇಳಿದು, ಉಳಿದದ್ದನ್ನೆಲ್ಲ ನಡೆದೇ ಬಂದಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು, "ರೈಲಿನ್ಯಾಗ ಬಂದ್ಯೇನಪ್ಪ?" ಅತ್ತೆ ಕೈಯಲ್ಲಿದ್ದ ನೀರು ಹಾಗೇ ಹಿಡಿದು ನಿಂತುಬಿಟ್ಟರು. ಅಪ್ಪ ನಕ್ಕು, "ಹೂಂ, ಕಿಟಕಿ ಮಗ್ಗಲಕ ಜಾಗಾ ಸಿಕ್ಕಿತ್ತು" ಎಂದ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಯುದ್ಧ ಮುಗಿದು ಒಂದು ವರ್ಷವಾಗಿರಬೇಕು, ಆಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಹೇಳಿಕಳಿಸಿದರು. ಅಷ್ಟರಲ್ಲಿ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸುಗಳು ಬಂದಿದ್ದವು. ಹಿಂದೆ ಕಟ್ಟಿದ ಹಂಡೆಯಂಥ ಡಬ್ಬಿಗೆ ಕ್ಲೀನರ್ ಇದ್ದಿಲು ತುಂಬಿ ಗಾಳಿ ಹೊಡೆಯಬೇಕು, ಏರು ಬಂದರೆ ಎಲ್ಲರೂ ಇಳಿದು ನೂಕಬೇಕು. ಹಾನಗಲ್ ಮುಟ್ಟುವುದರೊಳಗೆ ಮುಂದಿನ ಬಸ್ಸು ಹೋಗಿಬಿಟ್ಟಿತ್ತು. ಅಲ್ಲಿ ವಸ್ತಿ ಮಾಡಿ ಮರುದಿನ ಶಿಗ್ಗಾಂವಕ್ಕೆ ಬಂದು, ಅಲ್ಲಿಂದ ಟಾಂಗಾ ಹಿಡಿದು ಸವಣೂರಿಗೆ ಬಂದೆ. ಮನೆಯ ಮುಂದೆ ಜನ ಕೂತಿದ್ದನ್ನು ನೋಡಿಯೇ ತಿಳಿಯಿತು. ಆಯಿ ಹಿಂದಿನ ದಿನ ಮಧ್ಯಾಹ್ನ ಹೋಗಿದ್ದಳು. ಸಂಜೆಗೆ ಮಣ್ಣು ಮಾಡಿದ್ದರು.

ಆಯಿ ಯಾವುದಕ್ಕೆ ಅಂಜಿ ಆ ಕಟ್ಟಳೆ ಮಾಡಿದ್ದಳೋ ಅದೇ ಆಗಿತ್ತು, ಆದದ್ದು ಮಾತ್ರ ತಿರುಗುಮುರುಗಾಗಿ. ನಾನು ಅಂಗಳದಲ್ಲಿ ನಿಂತು, ಬಂದ ಬೀಗರ ಎದುರಿಗೆ, ಹತ್ತು ವರ್ಷದಲ್ಲಿ ಅನ್ನದೇ ಉಳಿದದ್ದನ್ನೆಲ್ಲ ಅಂದೆ.

"ನಿನ್ನ ರೈಲು ನಂಬಿ ನನ್ನ ಕಾಡಿಗೆ ಒಗದಿ. ಆಯಿ ಮಾರಿ ನೋಡೂದೂ ನನ್ನ ಹಣ್ಯಾಗ ಇರಲಿಲ್ಲ. ನಿನ್ನ ದಡ್ಡತನಕ್ಕ ನಾ ಇನ್ನ ಎಷ್ಟು ಕೊಡ್ಲಿ?"

ಅಪ್ಪ ಈ ಸಲ ನಗಲಿಲ್ಲ. ನನ್ನನ್ನು ತಿಳಿಯದವರನ್ನು ನೋಡಿದ ಹಾಗೆ ನೋಡಿದ.

"ಈಗ ಯಾರಿಗೆ ಕೇಳಸಾಕ ಬೈತೀ ತಂಗಿ? ನಿಮ್ಮ ಆಯಿ ಇಲ್ಲಲ್ಲ" ಎಂದು ಮೆಲ್ಲಗೆ ಕೇಳಿದ.

ನಾನು ಜನ ಕೇಳಲಿ ಎಂದು ಬೈಯುತ್ತೇನೆ ಎಂದು ಹಂಗಿಸುತ್ತಿದ್ದಾನೆ ಎಂದುಕೊಂಡೆ. ಒಳಗೆ ಹೋಗಿ ಅವ್ವನ ಹತ್ತಿರ ಕೂತವಳು ಆ ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಮರುದಿನ ಮುಂಜಾನೆ ಮಾಮಾ ನನ್ನನ್ನು ಮನೆಯ ಮುಂದಿನ ಕಟ್ಟೆಗೆ ಕರೆದ. ಅವನಿಗೆ ಆಗ ಎರಡು ಮಕ್ಕಳು, ಕಿವಿಯ ಹತ್ತಿರ ಒಂದೆರಡು ಬೆಳ್ಳಗಿನ ಕೂದಲು.

"ನೀ ನಿನ್ನೆ ನಿಮ್ಮಪ್ಪಗ ಹಂಗ ಅನ್ನಬಾರದಿತ್ತು" ಎಂದ.

"ಯಾಕ ಅನ್ನಬಾರದು? ರೈಲು ನಂಬಿದ್ದು ಸುಳ್ಳೇನು?"

"ಸುಳ್ಳ" ಎಂದ ಮಾಮಾ. "ಅವ ಒಂದ ದಿನಾನೂ ನಂಬಿಲ್ಲ. ಆ ಸಾಹೇಬ್ರು ತ್ವಾಟದ ಬದುವಿನ ಮ್ಯಾಲೆ ಕುಂತಾಗ ನೀ ಮಜ್ಜಿಗಿ ಕೊಟ್ಟು ಹ್ವಾದಿ, ನೆನಪೈತಿ? ನೀ ಹ್ವಾದ ಮ್ಯಾಲೆ ಅವರು ಬಿಚ್ಚಿ ಹೇಳಿದ್ರು. ಇದು ಬರೇ ಅಳತಿ, ಇಂಥಾ ಅಳತಿ ನಾ ಹತ್ತು ಕಡೆ ಮಾಡೇನಿ, ಎಲ್ಲೂ ಹಳಿ ಬಿದ್ದಿಲ್ಲ, ನೀವು ತ್ವಾಟದ ಚಿಂತಿ ಮಾಡಬ್ಯಾಡ್ರಿ ಅಂದ್ರು. ಸಾಹೇಬ್ರು ಎದ್ದು ಹ್ವಾದ ಮ್ಯಾಲೆ ನಿಮ್ಮಪ್ಪ ನನ್ನ ಕೈ ಹಿಡದು, ಇದನ್ನ ನಮ್ಮವ್ವಗ ಹೇಳಬ್ಯಾಡ, ಹುಡುಗಿ ಮನಸ್ಸು ಹಿರೇಕೆರೂರಿನ್ಯಾಗ ಐತಿ ಅಂದ."

ನನ್ನನ್ನು ಕೊಡಬೇಕೆಂದಿದ್ದದ್ದು ಮಾಮಾನಿಗೇ, ನಾನು ಬೇಡವೆಂದದ್ದೂ ಅವನನ್ನೇ. ಅದನ್ನು ಅಪ್ಪ ಇವನಿಗೇ ಹೇಳಿದ್ದ, ಇವನು ಕೇಳಿ ಒಪ್ಪಿಕೊಂಡಿದ್ದ, ಆಮೇಲೆ ಬಂದು ನನ್ನ ಲಗ್ನಕ್ಕೆ ಚಪ್ಪರ ಹಾಕಿದ್ದ.

"ಅಕಿಗೆ ಅಲ್ಲಿ ಏನರ ಆದ್ರ ಏನ ಮಾಡ್ತೀ ಅಂತ ನಾ ಕೇಳ್ದೆ" ಎಂದು ಮಾಮಾ ಮುಂದುವರಿಸಿದ. "ಅದಕ್ಕ ನಿಮ್ಮಪ್ಪ, ನಮ್ಮ ಅಕ್ಕನ ಸಲುವಾಗಿ ಚಕ್ಕಡಿ ಕಾಯಕೊಂತ ಕುಂತಿದ್ದೆ, ಇನ್ನ ಕಾಯೂದಿಲ್ಲ, ನಡದ ಹೋಗ್ತೇನಿ ಅಂದ. ನಿನಗ ಜ್ವರ ಬಂದಾಗ ಹಂಗ ಬಂದ."

"ಮಾಮಾ, ನಿನಗ ಕೆಟ್ಟ ಅನಸಲಿಲ್ಲೇನು?"

"ಅನಸ್ತು" ಎಂದ. "ಮಜ್ಜಿಗಿ ಇಟ್ಟು ನನ್ನ ಮಾರಿ ನೋಡದ ಓಡಿದ್ದಿ. ಅದನ್ನ ನೋಡಿ ನನಗೂ ತಿಳದಿತ್ತು" ಎಂದ. ಆಮೇಲೆ ಮಕ್ಕಳು ಕರೆದರೆಂದು ಎದ್ದು ಒಳಗೆ ಹೋದ. ಈ ಜನ್ಮದಲ್ಲಿ ನಾನು ಋಣಿಯಾಗಿರುವ ಗಂಡಸರಲ್ಲಿ ಅವನೊಬ್ಬ. ಅದನ್ನು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ.

ನಾನು ತೋಟಕ್ಕೆ ಹೋದೆ. ಸೂತಕವಿರಲಿ ಏನೇ ಇರಲಿ, ಬಳ್ಳಿಗೆ ನೀರು ತಪ್ಪಿಸುವಂತಿರಲಿಲ್ಲ. ಅಪ್ಪ ಕಾಲುವೆಯ ಬಾಯಿ ತಿರುವಿ ಬಂದು ಒಂದು ಗಿಡದ ಬುಡದಲ್ಲಿ ಕೂತಿದ್ದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಎದುರಿಗೆ ಹೋಗಿ ನಿಂತೆ.

"ರೈಲು ಬರೂದಿಲ್ಲಂತ ನಿನಗ ಗೊತ್ತಿತ್ತಂತ. ಮಾಮಾ ಹೇಳಿದ" ಎಂದೆ.

ಅಪ್ಪ ತಲೆ ಎತ್ತಿದ. "ಅವ ಈಗ ಯಾಕ ಹೇಳಿದ? ನಿನಗ ಗೊತ್ತೇ ಐತಿ ಅನ್ಕೊಂಡಿದ್ನಲ್ಲ ನಾನು."

"ನನಗ ಹೆಂಗ ಗೊತ್ತಿರ್ತೈತಿ?"

"ಮತ್ತ ಅಷ್ಟು ಛಂದ ಬೈತಿದ್ದೀಯಲ್ಲ" ಎಂದ ಅಪ್ಪ. "ಬಂದ ದಿನಾನ, ನಮ್ಮವ್ವನ ಎದುರಿಗೆ ನಿಂತು. ನೀ ಹಂಗ ಬೈದಿದ್ದಕ್ಕ ಅವ್ವ ನನ್ನ ದಡ್ಡ ಅನ್ಕೊಂಡ್ಲು, ಸುಳ್ಳ ಹೇಳ್ಯಾನ ಅಂತ ಗುಮಾನಿ ಮಾಡಲಿಲ್ಲ. ಸಾಯೂ ತನಕ ಮಾಡಲಿಲ್ಲ. ನಮ್ಮ ಹುಡುಗಿ ಎಷ್ಟು ಶ್ಯಾಣ್ಯಾಕಿ, ನಾ ಹೇಳದಿದ್ರೂ ತಿಳಕೊಂಡು ನನ್ನ ಕಾಯಾಕತ್ತಾಳ ಅಂತ ನಾ ಹತ್ತು ವರ್ಷ ಅನ್ಕೊಂಡಿದ್ದೆ. ಜ್ವರದಾಗೂ ಮರೀದ ಅಂದಿ." ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ನಿನಗ ಖರೇನ ಗೊತ್ತಿರಲಿಲ್ಲೇನು?"

ಕಾಲುವೆಯ ನೀರು ನನ್ನ ಕಾಲಿನ ತನಕ ಬಂದಿತ್ತು. ಗೊತ್ತಿರಲಿಲ್ಲ ಎಂದರೆ ಅದು ನಿಜ. ಆದರೆ ಹಾಗೆಂದ ಮರುಗಳಿಗೆಗೆ ಆ ಹತ್ತು ವರ್ಷದ ಒಂದೊಂದು ಮಾತೂ ಅವನಿಗೆ ಹೊಸದಾಗಿ ತಾಗಬೇಕು, ಹರಿಗೋಲಿನಿಂದ ಇಳಿದು ಅಂದದ್ದೂ, ಬಾತ ಕಾಲುಗಳನ್ನು ನೋಡಿ ಅಂದದ್ದೂ.

"ಗೊತ್ತಿತ್ತಪ್ಪ" ಎಂದೆ.

ಅಪ್ಪ ಉಸಿರು ಬಿಟ್ಟ. "ಹಂಗಾರ ನಿನ್ನೆ ಅಂಗಳದಾಗ ಯಾಕ ಹಂಗ ಬೈದಿ? ಕೇಳಾಕ ಅವ್ವ ಇರಲಿಲ್ಲ. ನಾ ಅಂಜಿಬಿಟ್ಟಿದ್ದೆ."

"ರೂಢಿ ಬಿದ್ದಿತ್ತು" ಎಂದೆ.